ತಣ್ಣೀರಿನ ದಾಸ್ತಾನು

ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಊರಲ್ಲಿ ಜುಲೈ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಅದೇ ಹೊತ್ತಿನಲ್ಲಿ, ಊರೊಳಗೇ ಹರಿಯುವ ಸ್ಯಾಕ್ರಮೆಂಟೊ ನದಿಯ ಜಲ್ಲಿಯಲ್ಲಿ ವಿಂಟರ್-ರನ್ ಚಿನೂಕ್ ಎಂಬ ಸಾಲ್ಮನ್ ಮೀನು ಮೊಟ್ಟೆಯಿಡುತ್ತದೆ. ಆ ಮೊಟ್ಟೆ ಬದುಕಲು ತಣ್ಣೀರೇ ಬೇಕು. ಚಳಿಗಾಲದಲ್ಲಿ ಸಮುದ್ರ ಬಿಟ್ಟು ನದಿಗೆ ಬಂದು ಬೇಸಿಗೆಯಲ್ಲಿ ಮೊಟ್ಟೆಯಿಡುವ ಈ ಮೀನಿಗೆ ಬುದ್ಧಿ ಕಮ್ಮಿ ಎನ್ನಬೇಡಿ. ಅದರ ತವರು ಇದಲ್ಲ, ಮೇಲಿನ ಮೆಕ್ಲೌಡ್‌ನಂಥ ಹೊಳೆಗಳು. ಅಲ್ಲಿ ಹಿಮ ಕರಗಿ ನೆಲಕ್ಕಿಳಿದ ನೀರು ಬುಗ್ಗೆಯಾಗಿ ಚಿಮ್ಮಿ ಬೇಸಿಗೆಯಲ್ಲೂ ಕೊರೆಯುತ್ತದೆ. 1945ರಲ್ಲಿ ಮುಗಿದ, 183 ಮೀಟರ್ ಎತ್ತರದ ಶಾಸ್ತಾ ಅಣೆಕಟ್ಟು ಆ ದಾರಿ ಮುಚ್ಚಿತು. 1960ರ ದಶಕದ ಕೊನೆಗೆ ಲಕ್ಷದ ಆಸುಪಾಸಿನಲ್ಲಿದ್ದ ಮೀನು 1990ರ ದಶಕದ ಆರಂಭಕ್ಕೆ ನೂರರ ಲೆಕ್ಕಕ್ಕೆ ಇಳಿಯಿತು. 1994ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ದಾರಿ ಮುಚ್ಚಿದ ಅಣೆಕಟ್ಟೇ ಈಗ ಅದಕ್ಕೆ ಜೀವಾಧಾರ. ಶಾಸ್ತಾ ಜಲಾಶಯದ ಸಾಮರ್ಥ್ಯ ಸುಮಾರು 198 ಟಿಎಂಸಿ, ಅಂದರೆ ನಮ್ಮ ಕೆಆರ್‌ಎಸ್‌ನಂಥವು ನಾಲ್ಕು. ಆದರೆ ಮೀನಿನ ಲೆಕ್ಕದಲ್ಲಿ ಅಷ್ಟೂ ನೀರು ಜಮೆಯಾಗುವುದಿಲ್ಲ. ವಸಂತದಿಂದ ಮೇಲ್ಪದರ ಕಾಯುತ್ತದೆ. ಕಾದ ನೀರು ಹಗುರ, ಮೇಲೇ ಉಳಿಯುತ್ತದೆ. ತಣ್ಣೀರು ಭಾರ, ತಳದಲ್ಲಿ ಕೂರುತ್ತದೆ. ಚಳಿ ಮರಳುವವರೆಗೆ ಎರಡೂ ಬೆರೆಯುವುದಿಲ್ಲ. ತಳದ ಈ ದಾಸ್ತಾನು ವರ್ಷಕ್ಕೊಮ್ಮೆ ಮಾತ್ರ ತುಂಬುತ್ತದೆ. ಅಕ್ಟೋಬರ್‌ವರೆಗೂ ಅದರಲ್ಲೇ ಸುಧಾರಿಸಬೇಕು.

ವಿದ್ಯುದಾಗಾರಕ್ಕೆ ನೀರೊಯ್ಯುವ ಕೊಳವೆಗಳ ಬಾಯಿ ತಳಕ್ಕಿಂತ ಮೇಲೆ, ಒಂದೇ ಮಟ್ಟದಲ್ಲಿದೆ. ಹಾಗಾಗಿ 1980ರ ದಶಕದ ಕೊನೆಯಿಂದ ತಳದ ತೂಬು ತೆರೆದು ತಣ್ಣೀರು ಬಿಡತೊಡಗಿದರು. ಮೀನಿಗೆ ತಂಪು ಸಿಕ್ಕಿತು. ಆದರೆ ಆ ನೀರು ಟರ್ಬೈನ್ ತಿರುಗಿಸದೆ ಹೋಯಿತು, ವಿದ್ಯುತ್ ನಷ್ಟವಾಯಿತು. 1997ರಲ್ಲಿ ಸುಮಾರು 8 ಕೋಟಿ ಡಾಲರ್ ವೆಚ್ಚದಲ್ಲಿ, ಅಣೆಕಟ್ಟಿನ ನೀರಿನ ಕಡೆಯ ಮುಖಕ್ಕೆ ಕೊಳವೆಬಾಯಿಗಳನ್ನು ಮುಚ್ಚುವಂತೆ ದೈತ್ಯ ಉಕ್ಕಿನ ಪೆಟ್ಟಿಗೆಯೊಂದನ್ನು ಜೋಡಿಸಿದರು. ಅದಕ್ಕೆ ಬೇರೆ ಬೇರೆ ಎತ್ತರದಲ್ಲಿ ಗೇಟುಗಳಿವೆ. ವಸಂತದಲ್ಲಿ ಮೇಲಿನ ಗೇಟು ತೆರೆದು ಬೆಚ್ಚನೆಯ ನೀರು ಖರ್ಚು ಮಾಡುತ್ತಾರೆ. ಬಿಸಿಲೇರಿದಂತೆ ನಡುವಿನದು, ಆಮೇಲೆ ಕೆಳಗಿನದು. ಕೊನೆಗೆ ತೀರಾ ಆಳದಿಂದ ಎಳೆಯುವ ಪಕ್ಕದ ಗೇಟು. ಅದನ್ನೂ ಪೂರ್ತಿ ತೆರೆದ ಮೇಲೆ ಕೈಯಲ್ಲಿ ಇನ್ನೇನೂ ಉಳಿಯುವುದಿಲ್ಲ.

ಎಡವಟ್ಟುಗಳೂ ಇವೆ. ಪೆಟ್ಟಿಗೆಯ ಸಂದುಗಳಲ್ಲಿ ಬೆಚ್ಚನೆಯ ನೀರು ಸೋರಿ ಒಳನುಗ್ಗುತ್ತದೆ. ಜಲಾಶಯದ ಮಟ್ಟ ಕುಸಿದರೆ ಮೇಲಿನ ಗೇಟುಗಳು ಗಾಳಿಗೆ ಬೀಳುತ್ತವೆ. ಆಗ ಬೇಡವಾದಾಗಲೂ ತಳದ ನೀರನ್ನೇ ಖರ್ಚು ಮಾಡಬೇಕು. ಬರಗಾಲದ 2014ರಲ್ಲಿ ಸೆಪ್ಟೆಂಬರ್ ಹೊತ್ತಿಗೆ ತಣ್ಣೀರು ಮುಗಿದೇಹೋಯಿತು. 2015ರಲ್ಲಿ ತಾಪ ಅಳೆಯುವ ಉಪಕರಣವೇ ಕೈಕೊಟ್ಟಿತು. ಜಲಾಶಯ ಎಣಿಸಿದ್ದಕ್ಕಿಂತ ಬೆಚ್ಚಗಿದೆ ಎಂದು ತಿಳಿದಾಗ ಬೇಸಿಗೆಯ ಯೋಜನೆ ಆಗಲೇ ಸಿದ್ಧವಾಗಿತ್ತು. ಆ ಎರಡೂ ವರ್ಷ ನೂರು ಮೊಟ್ಟೆಗೆ ಐದಾರು ಮರಿಯೂ ದಕ್ಕಲಿಲ್ಲ.

ಎಷ್ಟು ತಂಪು ಬೇಕು ಎಂಬುದರಲ್ಲೇ ಒಂದು ತಪ್ಪಿತ್ತು. ಹೆಣ್ಣುಮೀನು ಬಾಲದಿಂದ ಜಲ್ಲಿ ಕೆದರಿ ಗುಂಡಿ ಮಾಡಿ, ಬಟಾಣಿ ಗಾತ್ರದ ಕಿತ್ತಳೆ ಬಣ್ಣದ ಸಾವಿರಾರು ಮೊಟ್ಟೆಯಿಟ್ಟು ಮುಚ್ಚುತ್ತದೆ. ಕಲ್ಲುಸಂದಿಯಲ್ಲಿ ನೀರು ನಿಧಾನ, ಮೊಟ್ಟೆಯ ಸುತ್ತಲಿನ ಆಮ್ಲಜನಕ ಬೇಗ ಬರಿದಾಗುತ್ತದೆ. ನೀರು ಬೆಚ್ಚಗಾದಷ್ಟೂ ಭ್ರೂಣಕ್ಕೆ ಆಮ್ಲಜನಕ ಹೆಚ್ಚು ಬೇಕು. ಪ್ರಯೋಗಾಲಯದ ತೊಟ್ಟಿಯಲ್ಲಿ ನೀರು ಸರಾಗವಾಗಿ ಹರಿಯುತ್ತಿದ್ದುದರಿಂದ 13.3 ಡಿಗ್ರಿ ಸಾಕು ಎಂದು ನಂಬಿದ್ದರು. ನದಿಯ ಅಂಕಿಅಂಶ ಬಗೆದು ನೋಡಿದಾಗ ಸುಮಾರು 12 ಡಿಗ್ರಿ ದಾಟಿದರೆ ಸಾವು ಶುರು ಎಂದು ಗೊತ್ತಾಯಿತು. ಒಂದೂ ಕಾಲು ಡಿಗ್ರಿಯೇ ತಾನೇ ಎನಿಸಬಹುದು. ಅಷ್ಟನ್ನು ಬೇಸಿಗೆಯುದ್ದಕ್ಕೂ ಇಳಿಸಿ ಹಿಡಿಯಲು ಬೇಕಾದ ತಣ್ಣೀರು ಬರದ ವರ್ಷದಲ್ಲಿ ಜಲಾಶಯದಲ್ಲೇ ಇರುವುದಿಲ್ಲ.

ಇದನ್ನು ರೈತ–ಮೀನಿನ ಜಗಳ ಎಂದುಬಿಡುವುದು ಸುಲಭ. ಆದರೆ ಜುಲೈಯಲ್ಲಿ ಮೊಟ್ಟೆಗಳನ್ನು ತೋಯಿಸಿದ ನೀರೇ ಮುಂದೆ ಹರಿದು ಕಾಲುವೆ ಸೇರಿ ಭತ್ತಕ್ಕೆ ಸಿಗುತ್ತದೆ. ತಕರಾರು ಇರುವುದು ಹೊತ್ತಿನ ಬಗ್ಗೆ. ಬಿತ್ತನೆಗೆ ಗದ್ದೆ ತುಂಬಿಸಲು ಏಪ್ರಿಲ್–ಮೇ ತಿಂಗಳಲ್ಲೇ ಭಾರೀ ನೀರು ಬೇಕು. ಆಗ ಜಲಾಶಯ ಇಳಿದರೆ ಮೇಲಿನ ಗೇಟು ಕೈತಪ್ಪುತ್ತದೆ. ಹಾಗೆಂದು ತೀರಾ ಕಡಿಮೆ ಬಿಟ್ಟರೂ ಕಷ್ಟ: ತೆಳುವಾಗಿ ಹರಿಯುವ ನೀರು ದಾರಿಯಲ್ಲೇ ಕಾಯುತ್ತದೆ. ಶರತ್ಕಾಲದಲ್ಲಿ ಇನ್ನೊಂದು ಪೇಚು. ನೀರಾವರಿ ಮುಗಿಯಿತೆಂದು ಹೊರಹರಿವನ್ನು ಸರ್ರನೆ ಇಳಿಸಿದರೆ ದಂಡೆಯ ಬಳಿಯ ಮೊಟ್ಟೆಗುಂಡಿಗಳು ಒಣಗುತ್ತವೆ. ಮೊಟ್ಟೆ ಬಿದ್ದು ಮರಿ ಜಲ್ಲಿಯಿಂದ ಮೇಲೆ ಬರಲು ಸುಮಾರು ಎರಡೂವರೆ ತಿಂಗಳು. ಅದಕ್ಕೇ ಕೊನೆಯ ಗುಂಡಿ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ನೋಡಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

2022ರ ಬೇಸಿಗೆಯಲ್ಲಿ ವಿನ್ನೆಮೆಮ್ ವಿಂಟು ಮೂಲನಿವಾಸಿಗಳೂ ಸರ್ಕಾರಿ ಇಲಾಖೆಗಳೂ ಸೇರಿ ಸುಮಾರು 40,000 ಮೊಟ್ಟೆಗಳನ್ನು ಮೆಕ್ಲೌಡ್ ಹೊಳೆಯ ದಡಕ್ಕೇ ಒಯ್ದು ಮರಿ ಮಾಡಿಸಿದರು. ತಂಪಿನ ಚಿಂತೆ ಅಲ್ಲಿಲ್ಲ. ಆದರೆ ಹೊಳೆಗೆ ಬಿಟ್ಟ ಮರಿ ಸಮುದ್ರಕ್ಕೆ ಹೊರಟರೆ ಎದುರಿಗೆ ಸಿಗುವುದು ಅದೇ ಜಲಾಶಯ. ಅಲ್ಲಿ ಕಳೆದುಹೋಗುವ ಮೊದಲೇ ಬೋನಿನಲ್ಲಿ ಹಿಡಿದು, ವಾಹನದಲ್ಲಿ ಅಣೆಕಟ್ಟಿನ ಕೆಳಗೆ ತಂದು ಬಿಡಬೇಕು.