ನೆಟ್‌ವರ್ಕ್ ಎಂದರೆ ಜಾಲವೇ, ಬಲೆಯೇ?

ಪ್ರಶ್ನೆ: ‘ನೆಟ್‌ವರ್ಕ್’ ಪದಕ್ಕೆ ಎಲ್ಲ ಕಡೆಯೂ ‘ಜಾಲ’ ಎಂದೇ ಬರೆಯಬಹುದೇ? ‘ಜಾಲಕ್ಕೆ ಬಿದ್ದ ಯುವಕ’ ಎಂಬ ತಲೆಬರಹ ಕಂಡಾಗಲೆಲ್ಲ ಅನುಮಾನವಾಗುತ್ತದೆ.

ಅನುಮಾನಕ್ಕೆ ಕಾರಣವಿದೆ. ಇಂಗ್ಲಿಷಿನ ಆ ಪದಕ್ಕೆ ಮೊದಲಲ್ಲಿ ಸಂಪರ್ಕದ ಅರ್ಥವೇ ಇರಲಿಲ್ಲ. ನೆಟ್ ಎಂದರೆ ಬಲೆ. ವರ್ಕ್ ಎಂದರೆ ಇಲ್ಲಿ ದುಡಿಮೆಯಲ್ಲ, ಕುಸುರಿ. ‘ರವಿಕೆಗೆ ವರ್ಕ್ ಮಾಡಿಸಬೇಕು’ ಎನ್ನುತ್ತೇವಲ್ಲ, ಆ ವರ್ಕ್. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ನೆಟ್‌ವರ್ಕ್ ಎಂದರೆ ಬಲಿಪೀಠದ ಹಿತ್ತಾಳೆ ಜಾಲರಿ. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕೊಟ್ಟ ಅರ್ಥವೂ ಅದೇ: ಅಡ್ಡಹಾಯುವ ಗೆರೆಗಳು, ನಡುವೆ ಸಂದುಗಳು. (ಜಾನ್ಸನ್ ಇದನ್ನು ಹೇಳಿದ್ದು ಇಂಗ್ಲಿಷಿನ ಭಾರೀ ಪದಗಳಲ್ಲಿ; ಸುಲಭದ ಪದವನ್ನು ಕಬ್ಬಿಣದ ಕಡಲೆ ಮಾಡಿದ್ದಕ್ಕೆ ಆ ವಿವರಣೆಯನ್ನು ಓದಿ ಈಗಲೂ ನಗುವವರಿದ್ದಾರೆ.) ಆ ಲೆಕ್ಕದಲ್ಲಿ ಬೇಲೂರು ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳು, ಅಂದರೆ ಜಾಲರಿ ಕಿಟಕಿಗಳು, ಅಪ್ಪಟ ನೆಟ್‌ವರ್ಕ್! ಮುಂದೆ ಕಾಲುವೆ, ರೈಲುಹಳಿ, ತಂತಿಗಳು ನಕ್ಷೆಯಲ್ಲಿ ಬಲೆಯ ಹಾಗೆ ಕಂಡವು, ಪದ ಅವಕ್ಕೂ ಅಂಟಿತು. 1969ರಲ್ಲಿ ಕಂಪ್ಯೂಟರ್‌ಗಳನ್ನು ಬೆಸೆದ ಅಮೆರಿಕದ ಆರ್ಪಾನೆಟ್‌ನ ಹೆಸರಿನ ಬಾಲದಲ್ಲೂ ಇರುವುದು ಅದೇ ನೆಟ್.

ಇಂಗ್ಲಿಷಿನವರಿಗೆ ನೆಟ್‌ವರ್ಕ್ ಎಂದರೆ ಸಿಕ್ಕಿಬೀಳುವ ಭಯವಿಲ್ಲ. ಸಂಸ್ಕೃತದಿಂದ ಬಂದ ನಮ್ಮ ಜಾಲ ಹಾಗಲ್ಲ. ಅದು ಬೆಸೆಯುತ್ತದೆ, ಹಿಡಿಯುತ್ತದೆ, ಇಂದ್ರಜಾಲವಾದರೆ ಕಣ್ಣನ್ನೂ ಕಟ್ಟುತ್ತದೆ. ಆದ್ದರಿಂದಲೇ ‘ಮಾದಕವಸ್ತು ಜಾಲ’ ಪತ್ರಿಕೆಯವರಿಗೆ ಅಷ್ಟು ಒಗ್ಗಿದೆ. ‘ರೈಲುಮಾರ್ಗಗಳ ಜಾಲ’, ‘ಅಂತರ್ಜಾಲ’ ಎಂದಾಗ ಜೊತೆಗಿರುವ ಪದವೇ ಅರ್ಥವನ್ನು ಕಾಯುತ್ತದೆ, ಧೈರ್ಯವಾಗಿ ಬರೆಯಿರಿ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಎಚ್ಚರ ಬೇಕು. ‘ನಮ್ಮ ಹಳೆಯ ವಿದ್ಯಾರ್ಥಿಗಳ ಜಾಲ’ ಎಂದರೆ ಹಿಂದೆಯೇ ಪೊಲೀಸರು ಬರುತ್ತಾರೇನೋ ಎನಿಸುತ್ತದೆ. ಅಲ್ಲಿಗೆ ‘ಬಳಗ’ ಚೆಂದ. ‘ಅವರ ನೆಟ್‌ವರ್ಕ್ ದೊಡ್ಡದು’ ಎನ್ನಲು ‘ಅವರಿಗೆ ಎಲ್ಲೆಡೆ ಪರಿಚಯವಿದೆ’ ಎಂದರೆ ಸಾಕು.

ಇನ್ನು ಮೊಬೈಲ್‌ನ ನೆಟ್‌ವರ್ಕ್. ಮಲೆನಾಡಿನಲ್ಲಿ ಫೋನ್ ಹಿಡಿದು ಗುಡ್ಡ ಹತ್ತುವವರು ಹುಡುಕುವುದು ಟವರ್‌ನಿಂದ ಬರುವ ಸಿಗ್ನಲನ್ನು. ‘ಇಲ್ಲಿ ಜಾಲವಿಲ್ಲ’ ಎಂದು ಅವರ ಬಾಯಲ್ಲಿ ಹೇಳಿಸಿದರೆ ಮೀನು ಹಿಡಿಯಲು ಹೋದವರ ದೂರಿನಂತೆ ಕೇಳಿಸೀತು. ಅಲ್ಲಿ ನೆಟ್‌ವರ್ಕ್ ಎಂದೇ ಬಿಡಿ.