ಪದ ಪರಿಚಯ: ಕ್ಯಾಲಸ್

ಕಂಪ್ಲಿ, ಗಂಗಾವತಿ ಕಡೆಯ ಬೆಳೆಗಾರರಿಗೆ ಜಿ-9 ಬಾಳೆಯ ‘ಟಿಶ್ಯೂ ಸಸಿ’ (ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿದ ಸಸಿ) ಚೆನ್ನಾಗಿ ಗೊತ್ತು. ಬಾಳೆಯಲ್ಲಿ ಕಂದಿನೊಳಗೆ ಇರುವ ಕುಡಿಯನ್ನೇ ಹಲವಾಗಿ ಒಡೆಸುತ್ತಾರೆ. ಟೊಮೆಟೊ ಸಂಶೋಧನೆಯಲ್ಲಿ ಹಾಗಲ್ಲ. ಕುಡಿಯೇ ಇಲ್ಲದ ಎಲೆಯ ತುಂಡಿನಿಂದ ಕುಡಿ ಹುಟ್ಟಿಸಬೇಕು. ನಡುವೆ ಬರುವ ಹಂತವೇ ಕ್ಯಾಲಸ್: ಕೊಯ್ದ ಅಂಚಿನ ಜೀವಕೋಶಗಳು ಎಲೆಯ ಕೆಲಸ ಬಿಟ್ಟು ಮತ್ತೆ ವಿಭಜನೆಗೊಂಡು ಕಟ್ಟುವ, ಇನ್ನೂ ಯಾವ ಆಕಾರಕ್ಕೂ ಬಾರದ ಗಂಟು.

ರೈತರ ಟೊಮೆಟೊ ಬೀಜದಿಂದಲೇ ಸಲೀಸಾಗಿ ಬರುತ್ತದೆ, ಅದಕ್ಕೆ ಇದರ ಅಗತ್ಯವಿಲ್ಲ. ಜೀನ್ ಸೇರಿಸಿದ ಅಥವಾ ತಿದ್ದಿದ ಒಂದು ಕೋಶದಿಂದ ಇಡೀ ಗಿಡ ಬೆಳೆಸುವಾಗ ಮಾತ್ರ ಬೇಕು.

ಗಂಟು ಏನಾಗುತ್ತದೆ ಎಂಬುದನ್ನು ನಿರ್ಧರಿಸುವುದು ಹಾರ್ಮೋನುಗಳ ಪ್ರಮಾಣ. 1957ರಲ್ಲಿ ವಿಜ್ಞಾನಿಗಳಾದ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನಲ್ಲಿ ಇದನ್ನು ತೋರಿಸಿದರು: ಆಕ್ಸಿನ್ ಹೆಚ್ಚಿದ್ದರೆ ಬೇರು, ಸೈಟೋಕೈನಿನ್ ಹೆಚ್ಚಿದ್ದರೆ ಕುಡಿ, ಎರಡೂ ಸಮತೂಕದಲ್ಲಿದ್ದರೆ ಬರೀ ಕ್ಯಾಲಸ್.

ಟೊಮೆಟೊ ಬೀಜವನ್ನು ಶೇ. 70ರ ಆಲ್ಕೋಹಾಲಿನಲ್ಲಿ ಒಂದು ನಿಮಿಷ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ 10–15 ನಿಮಿಷ ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ನಾಲ್ಕೈದು ಸಲ ತೊಳೆದು ಮೊಳಕೆಗೆ ಇಡುತ್ತಾರೆ. 7–10 ದಿನಕ್ಕೆ, ನಿಜವಾದ ಎಲೆ ಇಣುಕುವ ಮುನ್ನ, ಬೀಜದಳದ ತುದಿ ಮತ್ತು ಬುಡ ಕೊಯ್ದು ನಡುಭಾಗವನ್ನು ಮಾಧ್ಯಮದ, ಎಂದರೆ ಪೋಷಕಾಂಶ ಬೆರೆಸಿದ ಆಹಾರದ, ಮೇಲಿಡುತ್ತಾರೆ. ಮಾಧ್ಯಮ ಎಂಎಸ್ (1962ರ ಮುರಾಶಿಗೆ–ಸ್ಕೂಗ್ ಸೂತ್ರ): ಲೀಟರಿಗೆ ಸಕ್ಕರೆ 30 ಗ್ರಾಂ, ಹೆಪ್ಪುಗಟ್ಟಿಸುವ ಅಗಾರ್ 8 ಗ್ರಾಂ, ಪಿಎಚ್ 5.8, ಜೊತೆಗೆ ಜಿಯಾಟಿನ್ (ಒಂದು ಸೈಟೋಕೈನಿನ್) 1–2 ಮಿ.ಗ್ರಾಂ, ಐಎಎ (ಒಂದು ಆಕ್ಸಿನ್) 0.1 ಮಿ.ಗ್ರಾಂ. ಜಿಯಾಟಿನ್ ಸೋಸಿ ಶುದ್ಧೀಕರಿಸಿ, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಶುದ್ಧೀಕರಣ) ಆದ ಮಾಧ್ಯಮ ಕೈಗೆ ತಾಳುವಷ್ಟು ಆರಿದ ಮೇಲೆ ಬೆರೆಸುವುದು ಒಳ್ಳೆಯದು; ಬಿಸಿಗೆ ಅದರ ಶಕ್ತಿ ಕುಂದುತ್ತದೆ. 25 ಡಿಗ್ರಿ ಉಷ್ಣತೆ, 16 ಗಂಟೆ ಬೆಳಕು, ಎರಡು ವಾರಕ್ಕೊಮ್ಮೆ ಹೊಸ ಮಾಧ್ಯಮ.

ದಪ್ಪ ಗಂಟು ಕಂಡು ಹೊಸಬರು ಸಂತೋಷಪಡುತ್ತಾರೆ. ಟೊಮೆಟೊದಲ್ಲಿ ಅದು ಒಳ್ಳೆಯ ಲಕ್ಷಣವಲ್ಲ. ಹಸಿರಾದ, ಗಟ್ಟಿಯಾದ ಸಣ್ಣ ಗಂಟು ಕುಡಿ ಕೊಡುತ್ತದೆ. ಬಿಳಿಚಿದ, ಪುಡಿಪುಡಿಯಾದ ದೊಡ್ಡ ಗಂಟಿನಲ್ಲಿ ಸಾಮಾನ್ಯವಾಗಿ ಆಕ್ಸಿನ್ ಹೆಚ್ಚಾಗಿರುತ್ತದೆ. ಹಳೆಯದಾದಷ್ಟೂ ಕಂದುಬಣ್ಣಕ್ಕೆ ತಿರುಗಿ ಕುಡಿಯ ಆಸೆ ಹೋಗುತ್ತದೆ. ಇನ್ನೂ ದೊಡ್ಡ ತೊಂದರೆ, ಕ್ರೋಮೋಸೋಮುಗಳ ಸಂಖ್ಯೆ 24ರಿಂದ 48 ಆಗಿಬಿಡಬಹುದು. ಆಗ ತಿದ್ದಿದ ಜೀನಿನ ಪರಿಣಾಮ ಯಾವುದು, ಈ ಏರುಪೇರಿನದು ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಹಾಗಾಗಿ ಕ್ಯಾಲಸ್ ಹಂತ ಚಿಕ್ಕದಾದಷ್ಟೂ ಲೇಸು. ಎಲೆ ಮಾತ್ರ ಬಂದು ನಡುವೆ ಬೆಳೆಯುವ ತುದಿಯೇ ಇಲ್ಲದ ‘ಕುರುಡು ಕುಡಿ’ಯೂ ಕಾಣಿಸುತ್ತದೆ, ಅದನ್ನು ಎಷ್ಟು ದಿನ ಇಟ್ಟರೂ ಗಿಡವಾಗುವುದಿಲ್ಲ, ತೆಗೆದುಬಿಡಬೇಕು.

ಕುಡಿ 2 ಸೆಂ.ಮೀ. ಆದಾಗ ಗಂಟಿನ ಚೂರೂ ಅಂಟದಂತೆ ಕೊಯ್ದು, ಐಬಿಎ (ಬೇರು ಬರಿಸುವ ಆಕ್ಸಿನ್) ಇರುವ, ಲವಣಗಳು ಅರ್ಧಕ್ಕಿಳಿಸಿದ ಮಾಧ್ಯಮದಲ್ಲಿ ನೆಡಬೇಕು. ಚೂರು ಉಳಿದರೆ ಬೇರು ಗಂಟಿನಿಂದ ಹುಟ್ಟುತ್ತದೆ, ಕಾಂಡದ ನೀರಿನ ನಾಳಕ್ಕೆ ಕೂಡಿಕೊಳ್ಳುವುದಿಲ್ಲ. ಬಾಟಲಿಯಲ್ಲಿ ಚೆಂದ ಕಂಡ ಸಸಿ ಕುಂಡಕ್ಕೆ ಬಂದ ಕೂಡಲೇ ಬಾಡುತ್ತದೆ.

ರಾಯಚೂರಿನ ಏಪ್ರಿಲ್–ಮೇ ಬಿಸಿಲಿನಲ್ಲಿ ಸಸಿಯನ್ನು ಕುಂಡಕ್ಕೆ ಸಾಗಿಸುವ ಈ ಕೊನೆಯ ಹಂತಕ್ಕೆ ವಿಶೇಷ ಎಚ್ಚರ ಬೇಕು. ಬಾಟಲಿಯೊಳಗೆ ಬೆಳೆದ ಎಲೆಗೆ ಮೇಣದ ಪದರ ತೆಳುವು, ಪತ್ರರಂಧ್ರಗಳೂ ಸರಿಯಾಗಿ ಮುಚ್ಚುವುದಿಲ್ಲ. ಒಣಗಾಳಿ ತಾಗಿದರೆ ಒಂದೇ ದಿನದಲ್ಲಿ ಸಸಿ ಹೋಗಬಹುದು. ಬೇರಿನ ಅಗಾರನ್ನು ಪೂರ್ತಿ ತೊಳೆದು (ಉಳಿದ ಸಕ್ಕರೆಗೆ ಬೂಸ್ಟು ಬರುತ್ತದೆ) ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಪಾಲಿಥೀನ್ ಚೀಲ ಹೊದಿಸಿ, ನೆರಳಿನಲ್ಲಿಡಬೇಕು. ನಾಲ್ಕೈದು ದಿನದ ನಂತರ ಚೀಲಕ್ಕೆ ಸಣ್ಣ ತೂತು ಮಾಡಿ, ದಿನೇ ದಿನೇ ಹೆಚ್ಚಿಸುತ್ತಾ, ಎರಡು ವಾರಕ್ಕೆ ಪೂರ್ತಿ ತೆಗೆಯಬಹುದು.