ಕಿಡಿ ಹಾರೋದು ಪಾಯಿಂಟ್ ಬಿಟ್ಟಾಗ: ಹಳೇ ಕಾರಿನ ಇಗ್ನಿಷನ್ ನೋಟ್ಸ್

ನಿನ್ನೆ ರಾತ್ರಿ ತಾನೇ ಕಾರು ಸ್ಟಾರ್ಟ್ ಆಯ್ತು, ಉಗುರು ಸಂದಿಯ ಮಸಿ ಇನ್ನೂ ಹೋಗಿಲ್ಲ, ಮರೆಯೋಕೆ ಮುಂಚೆ ಬರೆದಿಟ್ಟುಬಿಡೋಣ ಅಂತ ಕೂತಿದೀನಿ. ಇದು ಪಾಯಿಂಟ್ (ಎಂಜಿನ್ ತಿರುಗಿದಂತೆ ಕೂಡಿ ಬಿಡೋ ಜೋಡಿ ಲೋಹದ ತುಂಡು) ಇರೋ ಹಳೇ ಗಾಡಿಗೆ ಮಾತ್ರ, ಅಂದ್ರೆ ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್ (ಕಿಡೀನ ಸಿಲಿಂಡರ್‌ಗಳಿಗೆ ಸರದಿಯಲ್ಲಿ ಹಂಚೋ ಡಬ್ಬಿ) ಇರೋ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ರೆ ಇದರಲ್ಲಿ ಕೆಲವು ಪ್ರಯೋಗ ಮಾಡಲೇಬೇಡಿ, ಮಾಡ್ಯೂಲ್ ಸುಟ್ಟೋಗುತ್ತೆ, ಶಾಕೂ ಇನ್ನೂ ಜೋರು. ಬ್ಯಾಟರಿ ಟರ್ಮಿನಲ್ ಉಜ್ಜೋದು, ಅರ್ಥ್ ಬಿಗಿ ಮಾಡೋದು, ಪೆಟ್ರೋಲ್ ಬರ್ತಾ ಇದ್ಯಾ ನೋಡೋದು ಇವೆಲ್ಲ ನಿಮಗೇ ಗೊತ್ತಿರುತ್ತೆ, ಬಿಟ್ಟುಬಿಡ್ತೀನಿ.

ನನ್ನ ಗಾಡಿ ಮೊದಲು ಬರೀ ಮಿಸ್ಸಿಂಗ್ ಹೊಡೀತಿತ್ತು, ಪಿಕಪ್ ಇರ್ಲಿಲ್ಲ. ಪಾಯಿಂಟ್ ಹೊಸದು ಹಾಕಿದ್ರೆ ಸರಿಹೋಗುತ್ತೆ ಅಂತ ಧೈರ್ಯ ಮಾಡಿ ಹಾಕಿದೆ. ಹಾಕಿದ ಮೇಲೆ ಪೂರ್ತಿ ಸತ್ತೇಹೋಯ್ತು. ಸೆಲ್ಫ್ ಹೊಡೆದ್ರೆ ಎಂಜಿನ್ ಚೆನ್ನಾಗೇ ತಿರುಗುತ್ತೆ, ಹಿಡ್ಕೊಳ್ಳಲ್ಲ. ತಪ್ಪು ನಂದೇ ಅಂತ ಗೊತ್ತಿತ್ತು, ಎಲ್ಲಿ ಅನ್ನೋದು ಗೊತ್ತಿರ್ಲಿಲ್ಲ.

ಕರೆಂಟ್ ಹೋಗೋ ದಾರಿ

ಎರಡು ದಾರಿ ಇದೆ ಅಂತ ತಲೇಲಿ ಇಟ್ಕೊಳ್ಳಿ. ಒಂದು 12 ವೋಲ್ಟಿಂದು: ಬ್ಯಾಟರಿ, ಕೀ, ಕಾಯಿಲ್ (12 ವೋಲ್ಟನ್ನ ಸಾವಿರಾರು ವೋಲ್ಟ್ ಮಾಡೋ ಡಬ್ಬಿ) ಪ್ಲಸ್, ಕಾಯಿಲ್ ಒಳಗಿನ ದಪ್ಪ ತಂತಿಯ ಸುತ್ತು, ಕಾಯಿಲ್ ಮೈನಸ್, ಅಲ್ಲಿಂದ ಸಣ್ಣ ವೈರಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್, ಪಾಯಿಂಟಿಂದ ಅರ್ಥ್, ಅಂದ್ರೆ ಗಾಡಿಯ ಬಾಡಿ. ಇನ್ನೊಂದು ಸಾವಿರಾರು ವೋಲ್ಟಿಂದು: ಕಾಯಿಲ್ ಮಧ್ಯದ ದಪ್ಪ ವೈರು, ಕ್ಯಾಪ್ (ಡಿಸ್ಟ್ರಿಬ್ಯೂಟರ್ ಮುಚ್ಚಳ), ರೋಟರ್ (ಅದರ ಒಳಗೆ ತಿರುಗೋ ತುಂಡು), ಪ್ಲಗ್ ವೈರು, ಪ್ಲಗ್. ಬ್ಯಾಟರಿ ಮೇಲೆ ನಡೆಯೋ ಈ ಏರ್ಪಾಡನ್ನ ಕಾರಿಗೆ ತಂದಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್, 1910ರ ಸುಮಾರಿಗೆ, ಆಮೇಲೆ ಹೆಚ್ಚುಕಮ್ಮಿ ಅರವತ್ತು ವರ್ಷ ಅದೇ ನಡೀತು. ಅಂದ್ರೆ ಅಷ್ಟೇನೂ ಕಷ್ಟದ್ದಲ್ಲ, ನಮಗೂ ಅರ್ಥ ಆಗ್ಲೇಬೇಕು.

ನಾನು ಸಿಕ್ಕಾಕ್ಕೊಂಡಿದ್ದು ಇಲ್ಲಿ

ಪಾಯಿಂಟ್ ಅಂದ್ರೆ ಸ್ವಿಚ್ಚು. ಸ್ವಿಚ್ ಕೂಡಿದ್ರೆ ಕರೆಂಟ್ ಹರಿಯುತ್ತೆ, ಹರಿದ್ರೆ ಕಿಡಿ ಹಾರುತ್ತೆ, ಹೀಗೇ ಅಂದ್ಕೊಂಡಿದ್ದೆ. ಎಷ್ಟು ದಿನ ಅಂತ ಕೇಳ್ಬೇಡಿ. ಪೂರ್ತಿ ಉಲ್ಟಾ. ಪಾಯಿಂಟ್ ಕೂಡಿರೋವಾಗ ಕಿಡಿ ಇಲ್ವೇ ಇಲ್ಲ, ಪಾಯಿಂಟ್ ಬಿಟ್ಟ ಕ್ಷಣಕ್ಕೆ ಕಿಡಿ.

ಉದ್ದ ಪೈಪಲ್ಲಿ ನೀರು ರಭಸವಾಗಿ ಹರೀತಿರುವಾಗ ನಲ್ಲೀನ ಟಕ್ ಅಂತ ಮುಚ್ಚಿದ್ರೆ ಗೋಡೆ ಒಳಗೆ ಧಡ್ ಅಂತ ಸದ್ದಾಗುತ್ತಲ್ಲ, ಅದೇ ಇದು. ನೀರು ಆರಾಮಾಗಿ ಹರೀತಿದ್ದಾಗ ಏನೂ ಆಗಲ್ಲ, ತಡೆದಾಗ ಏಟು ಬೀಳುತ್ತೆ. ಪಾಯಿಂಟ್ ಕೂಡಿದ್ದಾಗ ಕಾಯಿಲ್ ಒಳಗೆ ಕರೆಂಟ್ ತುಂಬಿ ಕಾಂತಕ್ಷೇತ್ರ ಎದ್ದು ನಿಲ್ಲುತ್ತೆ. ಪಾಯಿಂಟ್ ಬಿಟ್ಟ ತಕ್ಷಣ ಅದು ಕುಸಿಯುತ್ತೆ, ಆ ಕುಸಿತಕ್ಕೆ ದಪ್ಪ ಸುತ್ತಲ್ಲೇ ಇನ್ನೂರು ಮುನ್ನೂರು ವೋಲ್ಟ್ ಚಿಮ್ಮುತ್ತೆ, ಸಣ್ಣ ತಂತಿಯ ಸುತ್ತು ಅದಕ್ಕಿಂತ ಸುಮಾರು ನೂರು ಪಟ್ಟು ಇರೋದ್ರಿಂದ ಅಲ್ಲಿ ಇಪ್ಪತ್ತು ಸಾವಿರ ವೋಲ್ಟ್ ಆಸುಪಾಸು ಹುಟ್ಟುತ್ತೆ, ಅದು ಪ್ಲಗ್ ಗ್ಯಾಪ್ ಹಾರುತ್ತೆ.

ಇದು ತಲೆಗೆ ಹತ್ತಿದ ಮೇಲೆ ಕಂಡೆನ್ಸರ್ (ಪಾಯಿಂಟಿಗೆ ಜೋಡಿಸಿರೋ ಸಣ್ಣ ಕೆಪಾಸಿಟರ್) ಯಾಕೆ ಅಂತಲೂ ಗೊತ್ತಾಯ್ತು. ಪಾಯಿಂಟ್ ಬಿಡೋಕೆ ಶುರುವಾದಾಗ ಗ್ಯಾಪ್ ಕೂದಲೆಳೆಯಷ್ಟೇ ಇರುತ್ತೆ, ಕರೆಂಟು ನಿಲ್ಲದೆ ಅಲ್ಲೇ ನೀಲಿ ಕಿಡಿಯಾಗಿ ಹಾರ್ಕೊಂಡು ಹೋಗುತ್ತೆ, ನಲ್ಲಿ ಮೆಲ್ಲಗೆ ಮುಚ್ಚಿದ ಹಾಗೆ. ಪ್ಲಗ್‌ಗೆ ಏಟು ಸಾಕಾಗಲ್ಲ. ಕಂಡೆನ್ಸರ್ ಆ ಕರೆಂಟನ್ನ ಒಂದು ಕ್ಷಣ ತಾನು ನುಂಗುತ್ತೆ, ಅಷ್ಟರಲ್ಲಿ ಪಾಯಿಂಟ್ ದೂರ ಹೋಗಿರುತ್ತೆ. ಅದಕ್ಕೇ ಕಂಡೆನ್ಸರ್ ಹೋದ್ರೆ ಎರಡು ಕೆಡ್ತವೆ: ಪ್ಲಗ್ ಕಿಡಿ ಹಳದಿಯಾಗಿ ಸೊರಗುತ್ತೆ, ಪಾಯಿಂಟ್ ಬೇಗ ಸುಟ್ಟು ಕರಕಲಾಗುತ್ತೆ. 3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್‌ಗೆ ಸೆಕೆಂಡಿಗೆ ನೂರು ಕಿಡಿ ಬೇಕು, ಲೆಕ್ಕ ಹಾಕಿ ನೋಡಿ, ಪಾಪ ಆ ಪಾಯಿಂಟ್ ಸೆಕೆಂಡಿಗೆ ನೂರು ಸಲ ಕೂಡಿ ಬಿಡ್ತಿರುತ್ತೆ.

ಟೆಸ್ಟ್ ಲ್ಯಾಂಪ್, ನನ್ನ ಜೀವ ಉಳಿಸಿದ್ದು

ಮಲ್ಟಿಮೀಟರ್ ಇತ್ತು, ಆದ್ರೆ ಸೆಲ್ಫ್ ಹೊಡೆಯುವಾಗ ಅದರಲ್ಲಿ ನಂಬರ್ ಕುಣಿಯುತ್ತೆ, ಏನೂ ತಿಳಿಯಲ್ಲ. 12 ವೋಲ್ಟಿನ ಸಣ್ಣ ಬಲ್ಬ್, ಎರಡು ವೈರು, ಎರಡು ಕ್ಲಿಪ್, ಅಷ್ಟೇ ಸಾಕು. ಗೇರ್ ನ್ಯೂಟ್ರಲ್ಲಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ಆನ್.

ಮೊದಲು ಒಂದು ಕ್ಲಿಪ್ ಕಾಯಿಲ್ ಪ್ಲಸ್‌ಗೆ, ಇನ್ನೊಂದು ಎಂಜಿನ್ ಬಾಡಿಗೆ. ಬಲ್ಬ್ ಉರೀಬೇಕು. ಉರಿದಿಲ್ಲ ಅಂದ್ರೆ ಕೀ ಕಡೆಯಿಂದ ಕರೆಂಟೇ ಬರ್ತಿಲ್ಲ, ಡಿಸ್ಟ್ರಿಬ್ಯೂಟರ್ ಬಿಚ್ಚೋಕೆ ಹೋಗ್ಬೇಡಿ.

ಆಮೇಲೆ ಕ್ಲಿಪ್ಪನ್ನ ಕಾಯಿಲ್ ಮೈನಸ್‌ಗೆ ಬದಲಾಯಿಸಿ, ಇನ್ನೊಂದು ತುದಿ ಎಂಜಿನ್ ಮೇಲೇ ಇರ್ಲಿ, ಸೆಲ್ಫ್ ಹೊಡೀರಿ. ಬಲ್ಬ್ ಮಿಣಮಿಣ ಅಂತ ಮಿನುಗಿದ್ರೆ ಪಾಯಿಂಟ್ ಕೆಲಸ ಮಾಡ್ತಿದೆ. ಇಲ್ಲೂ ಉಲ್ಟಾ ಇದೆ, ನೋಡ್ಕೊಳ್ಳಿ: ಪಾಯಿಂಟ್ ಕೂಡಿದಾಗ ಬಲ್ಬ್ ಆರುತ್ತೆ, ಬಿಟ್ಟಾಗ ಹೊತ್ತುತ್ತೆ. ಯಾಕೆ ಅಂದ್ರೆ ಕೂಡಿದಾಗ ಕರೆಂಟಿಗೆ ಪಾಯಿಂಟ್ ಮೂಲಕ ಸೀದಾ ಅರ್ಥ್‌ಗೆ ಸಲೀಸು ದಾರಿ ಇರುತ್ತೆ, ಬಲ್ಬ್ ಕಡೆ ತಿರುಗಿಯೂ ನೋಡಲ್ಲ. ಬಿಟ್ಟಾಗ ಬೇರೆ ದಾರಿ ಇಲ್ಲ, ಬಲ್ಬ್ ಮೂಲಕವೇ ಹೋಗ್ಬೇಕು. ಸೋ ಒಂದೇ ಸಮ ಉರೀತಾ ಇದ್ರೆ ಪಾಯಿಂಟ್ ಕೂಡ್ತಾನೇ ಇಲ್ಲ: ಗ್ಯಾಪ್ ಅತಿ ಆಗಿದೆ, ವೈರು ತುಂಡಾಗಿದೆ, ಇಲ್ಲಾ ಪಾಯಿಂಟ್ ಮೇಲೆ ಕೊಳೆ ಇದೆ. ಹೊಸ ಪಾಯಿಂಟಿಗೆ ತುಕ್ಕು ಹಿಡೀಬಾರ್ದು ಅಂತ ತೆಳ್ಳಗೆ ಎಣ್ಣೆ ಸವರಿರ್ತಾರೆ, ಅದನ್ನ ಒರೆಸದೆ ಹಾಕಿದ್ರೂ ಹೀಗೇ ಆಗ್ಬಹುದು. ಪ್ಲಸ್‌ನಲ್ಲಿ ಕರೆಂಟ್ ಇದ್ದೂ ಇಲ್ಲಿ ಉರಿಯೋದೇ ಇಲ್ಲ ಅಂದ್ರೆ ಪಾಯಿಂಟ್ ಬಿಡ್ತಾನೇ ಇಲ್ಲ, ಅಥವಾ ಮಧ್ಯದಲ್ಲೆಲ್ಲೋ ವೈರು ಬಾಡಿಗೆ ತಾಗಿದೆ, ಅಥವಾ ಕಾಯಿಲ್ಲೇ ಒಳಗೆ ತುಂಡಾಗಿದೆ.

ನಂದು ಉರೀಲೇ ಇಲ್ಲ. ಕ್ಯಾಪ್ ತೆಗೆದು ನೋಡಿದ್ರೆ ಪಾಯಿಂಟ್ ಕಣ್ಣಿಗೆ ಕಾಣೋ ಹಾಗೆ ತೆರೆದು ಮುಚ್ತಿದೆ. ಅರ್ಧ ದಿನ ಇಲ್ಲೇ ಹೋಯ್ತು, ಕಾಯಿಲ್ ಬೈದೆ, ಕಂಡೆನ್ಸರ್ ಬೈದೆ. ಆಮೇಲೆ ಕಾಯಿಲ್ ಮೈನಸ್ಸಿಂದ ಡಿಸ್ಟ್ರಿಬ್ಯೂಟರಿಗೆ ಹೋಗೋ ಸಣ್ಣ ವೈರನ್ನ ಕಳಚಿದೆ. ಬಲ್ಬ್ ಪಕ್ಕನೆ ಹೊತ್ಕೊಂಡ್ತು! ಅಂದ್ರೆ ಕಾಯಿಲ್ ಸರಿ ಇದೆ, ಆ ವೈರಿನ ಆಚೆ ಕಡೆ ಎಲ್ಲೋ ಸದಾ ಅರ್ಥ್ ಆಗ್ತಿದೆ.

ಟಾರ್ಚ್ ಹಾಕಿ ಬಗ್ಗಿ ನೋಡಿದಾಗ ಸಿಕ್ತು. ಪಾಯಿಂಟಿನ ಸ್ಪ್ರಿಂಗ್ ಪಟ್ಟಿ ಕೂರೋ ಸಣ್ಣ ಗೂಟ ಇದೆಯಲ್ಲ, ಅದರ ಮೇಲೆ ಕಾಯಿಲ್ ವೈರಿನ ತುದಿ, ಕಂಡೆನ್ಸರ್ ವೈರಿನ ತುದಿ, ಸ್ಪ್ರಿಂಗ್ ಮೂರೂ ಒಂದಕ್ಕೊಂದು ತಾಗಿರ್ಬೇಕು, ಆದ್ರೆ ಗೂಟಕ್ಕಾಗ್ಲಿ ತಳದ ತಟ್ಟೆಗಾಗ್ಲಿ ತಾಗ್ಬಾರ್ದು. ಅದಕ್ಕೇ ಅಲ್ಲೊಂದು ಪ್ಲಾಸ್ಟಿಕ್ ಬುಷ್ಷು, ಮೆಂತ್ಯ ಕಾಳಿಗಿಂತ ಸ್ವಲ್ಪ ದೊಡ್ಡದು. ನಾನು ಎರಡು ವೈರಿನ ತುದೀನ ಬುಷ್ಷಿನ ಕೆಳಗೆ ಹಾಕಿ ಮೇಲಿಂದ ನಟ್ ಬಿಗಿದಿದ್ದೆ. ತುದಿಗಳು ಸೀದಾ ತಟ್ಟೆ ಮೇಲೆ. ಪಾಯಿಂಟ್ ಎಷ್ಟು ಸಲ ಬಿಟ್ರೂ ಕರೆಂಟಿಗೆ ಪಕ್ಕದಲ್ಲೇ ಕಳ್ಳದಾರಿ ಇತ್ತು. ನಲ್ಲಿ ಮುಚ್ಚಿದ್ರೇನು, ಪೈಪೇ ಒಡೆದಿತ್ತು. ಹಳೇದನ್ನ ಬಿಚ್ಚೋವಾಗ ಫೋನಲ್ಲಿ ಒಂದು ಫೋಟೋ ತೆಗೆದಿದ್ರೆ ಎರಡು ದಿನ ಉಳೀತಿತ್ತು.

ಇನ್ನೊಂದು, ಪಾಯಿಂಟ್ ಕೂಡಿರೋವಾಗ ಕೀ ಆನ್ ಇಟ್ಟು ಗಂಟೆಗಟ್ಟಲೆ ಯೋಚ್ನೆ ಮಾಡ್ತಾ ಕೂರ್ಬೇಡಿ, ಕಾಯಿಲ್ ಕೈ ಸುಡೋ ಹಾಗೆ ಕಾಯುತ್ತೆ.

ಗ್ಯಾಪ್

ಮ್ಯಾನ್ಯುಯಲ್ ನೋಡಿ, ಸಾಮಾನ್ಯವಾಗಿ 0.4ರಿಂದ 0.5 ಮಿಲಿಮೀಟರ್. ಪಾಯಿಂಟಿನ ಹಿಮ್ಮಡಿ (ಕ್ಯಾಮಿಗೆ ಉಜ್ಜೋ ತುಂಡು) ಕ್ಯಾಮಿನ (ಡಿಸ್ಟ್ರಿಬ್ಯೂಟರ್ ಮಧ್ಯೆ ತಿರುಗೋ ಉಬ್ಬುಗಳಿರೋ ಕಂಬಿ) ತುತ್ತತುದಿ ಮೇಲೆ ಕೂತಿರುವಾಗ್ಲೇ ಅಳೀಬೇಕು, ಫಿಲ್ಲರ್ ಗೇಜ್ (ಗ್ಯಾಪ್ ಅಳೆಯೋ ತೆಳ್ಳನೆ ಲೋಹದ ಪಟ್ಟಿ) ಸ್ವಲ್ಪ ಸವರ್ಕೊಂಡು ಹೋಗ್ಬೇಕು, ತುರುಕ್ಬಾರ್ದು. ಹಳೇ ಪಾಯಿಂಟಲ್ಲಿ ಒಂದು ಕಡೆ ಗುಳಿ, ಎದುರು ಕಡೆ ಗುಬುಟು ಬೆಳೆದಿರುತ್ತೆ, ಗೇಜು ಗುಬುಟಿನ ಮೇಲೆ ಕೂತು ಸುಳ್ಳು ಹೇಳುತ್ತೆ. ಹಿಮ್ಮಡಿಗೆ ಗ್ರೀಸ್ ಒಂದು ಚೂರು, ಜಾಸ್ತಿ ಹಚ್ಚಿದ್ರೆ ಸಿಡಿದು ಪಾಯಿಂಟ್ ಮೇಲೆ ಬೀಳುತ್ತೆ. ಗ್ಯಾಪ್ ಮುಟ್ಟಿದ್ರೆ ಟೈಮಿಂಗೂ (ಕಿಡಿ ಹಾರೋ ಹೊತ್ತು) ಜರುಗುತ್ತೆ: ಗ್ಯಾಪ್ ಹೆಚ್ಚಾದ್ರೆ ಬೇಗ ಬಿಡುತ್ತೆ, ಕಮ್ಮಿ ಆದ್ರೆ ತಡ. ಅದಕ್ಕೇ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಕಾಯಿಲಿಂದಾಚೆ

ಬಲ್ಬ್ ಮಿನುಗ್ತಿದೆ, ಆದ್ರೂ ಸ್ಟಾರ್ಟ್ ಇಲ್ಲ ಅಂದ್ರೆ ದಪ್ಪ ವೈರಿನ ಕಡೆ ಬನ್ನಿ. ಕ್ಯಾಪಿಂದ ಮಧ್ಯದ ವೈರ್ ಕಿತ್ತು, ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿ ಎಂಜಿನ್‌ಗೆ ಐದಾರು ಮಿಲಿಮೀಟರ್ ದೂರ ಇಟ್ಟು ಸೆಲ್ಫ್ ಹೊಡೆಸಿ. ಬರಿಗೈ ಬೇಡ, ಪೆಟ್ರೋಲ್ ವಾಸನೆ ಇದ್ರೆ ಬೇಡವೇ ಬೇಡ, ಎಲೆಕ್ಟ್ರಾನಿಕ್ ಗಾಡಿಗೂ ಬೇಡ. ಅಲ್ಲಿ ನೀಲಿ ಕಿಡಿ ಚಟಚಟ ಅಂದು ಪ್ಲಗ್ಗಲ್ಲಿ ಇಲ್ಲ ಅಂದ್ರೆ ರೋಟರ್, ಕ್ಯಾಪ್, ವೈರ್ ಈ ಮೂರರಲ್ಲೇ ಕಳ್ಳ. ಕ್ಯಾಪ್ ಒಳಗೆ ಪೆನ್ಸಿಲ್ ಗೆರೆ ಥರ ಕಪ್ಪು ದಾರಿ ಕಂಡ್ರೆ ಬದಲಾಯಿಸಿ. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದ್ರೆ ಸೋರೋ ವೈರು ತಾನೇ ಮಿಂಚಿ ತೋರಿಸುತ್ತೆ. ಪ್ಲಗ್ ವೈರ್ ಒಂದೊಂದಾಗಿ ಬಿಚ್ಚಿ, ನಂಬರ್ ಅಂಟಿಸಿ, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬೀಳೋ ಸರದಿ) ಬಹುಪಾಲು 1-3-4-2, ಕೆಲವದ್ರಲ್ಲಿ 1-2-4-3.

ಸೆಲ್ಫ್ ಹೊಡೆಯುವಾಗ ಹಿಡ್ಕೊಂಡು, ಕೀ ಬಿಟ್ಟ ತಕ್ಷಣ ಆಫ್ ಆಗೋ ಗಾಡಿಗೆ ಬ್ಯಾಲಾಸ್ಟ್ ರೆಸಿಸ್ಟರ್ (ಕಾಯಿಲಿಗೆ ಹೋಗೋ ಕರೆಂಟ್ ಕಮ್ಮಿ ಮಾಡೋ ತುಂಡು) ನೋಡಿ. ಸೆಲ್ಫ್ ಹೊಡೆಯುವಾಗ ಕರೆಂಟು ಅದನ್ನ ಬಿಟ್ಟು ನೇರ ಕಾಯಿಲಿಗೆ ಹೋಗುತ್ತೆ, ಕೀ ಬಿಟ್ಮೇಲೆ ಅದರ ಮೂಲಕವೇ ಬರ್ಬೇಕು, ಅದು ತುಂಡಾಗಿದ್ರೆ ಅಲ್ಲಿಗೇ ಮುಗೀತು. ಕೀ ಸ್ವಿಚ್ಚಿನ ಒಳಗೆ ಸವೆದಿದ್ರೂ ಇದೇ ಲಕ್ಷಣ.

ಟೈಮಿಂಗ್, ಅದೇ ಬಲ್ಬಲ್ಲಿ

ಬಲ್ಬ್ ಕಾಯಿಲ್ ಮೈನಸ್‌ಗೇ ಇರ್ಲಿ. ಕೀ ಆಫ್ ಇಟ್ಟು ಎಂಜಿನ್ನನ್ನ ಸ್ಪ್ಯಾನರಲ್ಲಿ ತಿರುಗಿಸಿ, ಒಂದನೇ ಸಿಲಿಂಡರ್ ಕಂಪ್ರೆಷನ್ನಲ್ಲಿ ಮೇಲೆ ಬರೋವಾಗ ಪುಲ್ಲಿ ಮೇಲಿನ ಗೆರೇನ ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ನಿಲ್ಲಿಸಿ. ರೋಟರ್ ಒಂದನೇ ವೈರಿನ ಕಡೆ ಮುಖ ಮಾಡಿರ್ಬೇಕು, ಎದುರು ಕಡೆ ಇದ್ರೆ ಎಂಜಿನ್ ಇನ್ನೊಂದು ಸುತ್ತು. ಈಗ ಕೀ ಆನ್, ಡಿಸ್ಟ್ರಿಬ್ಯೂಟರ್ ಬೋಲ್ಟ್ ಸಡಿಲ. ರೋಟರ್ ತಿರುಗೋ ದಿಕ್ಕಿಗೇ ಸ್ವಲ್ಪ ಹೊರಳಿಸಿ, ಬಲ್ಬ್ ಆರುತ್ತೆ. ಆಮೇಲೆ ಎದುರು ದಿಕ್ಕಿಗೆ ಕೂದಲೆಳೆಯಷ್ಟೇ ಮೆಲ್ಲಗೆ ತಳ್ತಾ ಬನ್ನಿ, ಬಲ್ಬ್ ಪಕ್ ಅಂತ ಹೊತ್ತಿದ ಜಾಗದಲ್ಲೇ ಬಿಗೀರಿ. ಬಲ್ಬ್ ಹೊತ್ತಿತು ಅಂದ್ರೆ ಪಾಯಿಂಟ್ ಬಿಟ್ತು, ಪಾಯಿಂಟ್ ಬಿಟ್ತು ಅಂದ್ರೆ ಕಿಡಿ. ಬಿಗಿಯುವಾಗ ಡಿಸ್ಟ್ರಿಬ್ಯೂಟರ್ ಒಂದು ಚೂರು ಹೊರಳ್ಕೊಳ್ಳುತ್ತೆ, ನಂದು ಮೂರು ಸಲ ಹೊರಳ್ತು, ಬಿಗಿದ ಮೇಲೆ ಇನ್ನೊಂದ್ಸಲ ಎಂಜಿನ್ ಎರಡು ಸುತ್ತು ತಿರುಗಿಸಿ ಗೆರೆಗೂ ಬಲ್ಬಿಗೂ ತಾಳೆ ಆಗುತ್ತಾ ನೋಡಿ.